ದವಡೆಯ ಸಿಸ್ಟ್ ತೆಗೆಸಿದ ಮೇಲೆ ಇಂಪ್ಲಾಂಟ್ ಯಾವಾಗ?

ಪ್ರಶ್ನೆ: ಕೆಳದವಡೆಯ ಸಿಸ್ಟ್ ಆಪರೇಷನ್ ಆಗಿ 3 ತಿಂಗಳಾಯಿತು. ಜೊತೆಗೆ ಒಂದು ದವಡೆ ಹಲ್ಲನ್ನೂ ಕಿತ್ತರು. ಗಾಯ ಪೂರ್ತಿ ಮಾಗಿದೆ. ಈಗ ಇಂಪ್ಲಾಂಟ್ ಹಾಕಿಸಬಹುದಾ?

ಹೆಚ್ಚಿನವರಿಗೆ ಇದು ಸ್ವಲ್ಪ ಬೇಗ ಆಯಿತು. ನಿಮಗೆ ಕಾಣುತ್ತಿರುವುದು ಒಸಡು ಮಾತ್ರ, ಅದು ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲು ಕೂರಿಸುವ ಸ್ಕ್ರೂ, ಅದು ನಿಲ್ಲಬೇಕಾದದ್ದು ಮೂಳೆಯಲ್ಲಿ, ಅಲ್ವಾ? ಸಿಸ್ಟ್ ಅಂದರೆ ನೀರು ತುಂಬಿದ ಚೀಲ, ಅದು ವರ್ಷಗಟ್ಟಲೆ ನೋವೂ ಕೊಡದೆ ಬೆಳೆಯುತ್ತಾ ಸುತ್ತಲಿನ ಮೂಳೆಯನ್ನು ಕರಗಿಸಿರುತ್ತದೆ, ಹಾಗಾಗಿ ಚೀಲ ತೆಗೆದ ಮೇಲೆ ಉಳಿಯುವುದು ಒಂದು ಗುಂಡಿ. ಚಿಕ್ಕ ಗುಂಡಿಯಾದರೆ 6ರಿಂದ 12 ತಿಂಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ದೊಡ್ಡದಾದರೆ ಇನ್ನೂ ಜಾಸ್ತಿ ಕಾಲ ಬೇಕು, ಇಲ್ಲವೇ ಬೋನ್ ಗ್ರಾಫ್ಟ್ (ಗುಂಡಿಗೆ ತುಂಬುವ ಮೂಳೆ ಅಥವಾ ಮೂಳೆಯಂಥ ವಸ್ತು) ಹಾಕಿ 4ರಿಂದ 6 ತಿಂಗಳಾದರೂ ಕಾಯುತ್ತಾರೆ.

ಆದರೆ ಮೂಳೆಗಿಂತ ಮೊದಲು ಕೇಳಬೇಕಾದದ್ದು ಬಯಾಪ್ಸಿ ರಿಪೋರ್ಟ್, ಅಂದರೆ ತೆಗೆದ ಚೀಲ ಯಾವ ಜಾತಿಯದು ಎಂದು ಲ್ಯಾಬಿನಲ್ಲಿ ನೋಡಿ ಕೊಟ್ಟ ವರದಿ. ಇದನ್ನು ಎಷ್ಟೋ ಜನ ಫೈಲಿನಲ್ಲಿಟ್ಟು ಮರೆತುಬಿಡುತ್ತಾರೆ, ನನಗೆ ನಿಜಕ್ಕೂ ಆತಂಕವಾಗುವುದು ಅಲ್ಲೇ. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಬೆಳೆಯುವ ರ್‍ಯಾಡಿಕ್ಯುಲರ್ ಸಿಸ್ಟ್ ತುಂಬಾ ಸಾಮಾನ್ಯ, ಪೂರ್ತಿ ತೆಗೆದರೆ ಮತ್ತೆ ಬರುವುದು ಕಮ್ಮಿ. ಕೆರಾಟೋಸಿಸ್ಟ್ ಹಾಗಲ್ಲ. ಅದು ಮರುಕಳಿಸುವ ಜಾತಿ, ಕನಿಷ್ಠ 5 ವರ್ಷ ಎಕ್ಸ್‌ರೇ ತೆಗೆಸುತ್ತಾ ಇರಬೇಕು. ಅಂಥ ಜಾಗದಲ್ಲಿ ಅವಸರದಿಂದ ಇಂಪ್ಲಾಂಟ್ ಕೂರಿಸಿ ಆಮೇಲೆ ಸಿಸ್ಟ್ ಮತ್ತೆ ಬಂದರೆ, ಹಾಕಿದ್ದನ್ನೂ ತೆಗೆಯಬೇಕಾಗಬಹುದು.

ರಿಪೋರ್ಟ್ ಸರಿಯಿದ್ದರೆ ಮುಂದಿನದು ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯ 3ಡಿ ಎಕ್ಸ್‌ರೇ. ಮೂಳೆ ಎಷ್ಟು ಎತ್ತರ, ಎಷ್ಟು ಅಗಲ ಇದೆ ಎಂದು ಅದರಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೆಳದವಡೆಯಲ್ಲಿ ತುಟಿಗೆ ಸ್ಪರ್ಶ ಕೊಡುವ ನರ ಹಾದು ಹೋಗುತ್ತದೆ, ಅದಕ್ಕೂ ಇಂಪ್ಲಾಂಟ್ ತುದಿಗೂ ಸುಮಾರು 2 ಮಿ.ಮೀ. ಅಂತರ ಬಿಡುತ್ತಾರೆ. ಆಪರೇಷನ್ ಆದಾಗಿನಿಂದ ತುಟಿ ಜೋಮು ಹಿಡಿದಂತೆ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಇಂಪ್ಲಾಂಟ್ ಹಾಕಿದ ದಿನವೇ ಹಲ್ಲು ಬಂತು ಅಂದುಕೊಳ್ಳಬೇಡಿ. ಟೈಟಾನಿಯಂ ಸ್ಕ್ರೂವನ್ನು ಮೂಳೆ ಕಚ್ಚಿಕೊಳ್ಳಬೇಕು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇದನ್ನು ಹಾಕಿದರು, ಅವರ ಪದ್ಧತಿಯಲ್ಲಿ ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಬಿಟ್ಟು ಆಮೇಲೆ ಹಲ್ಲು ಜೋಡಿಸುತ್ತಿದ್ದರು. ಈಗ ಕೆಲವರಿಗೆ ಬೇಗ ಕೊಡುತ್ತಾರೆ, ಆದರೆ ಸಿಸ್ಟ್ ತೆಗೆದ ಜಾಗಕ್ಕೆ ಆ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಬೀಡಿ, ಸಿಗರೇಟ್, ತಂಬಾಕು ಬಿಡಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ದವಡೆ ಮೂಳೆ ಮಾಗುವುದಕ್ಕೆ ಅದು ಅಡ್ಡಿಯಾಗಬಹುದು. ಇಂಪ್ಲಾಂಟಿನ ಹಲ್ಲು ಬರುವವರೆಗೆ, ಬೇಕಾದಾಗ ಹಾಕಿ ತೆಗೆಯಬಹುದಾದ ಹಲ್ಲಿನ ಸೆಟ್ ಒಂದನ್ನು ಮಾಡಿಸಿಕೊಳ್ಳಿ, ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುವುದು ಅದರಿಂದ ಕಮ್ಮಿಯಾಗುತ್ತದೆ.