ಪಿಜ್ಜಾ ಓವನ್ ಕಟ್ಟಲು ಮಾಮೂಲಿ ಇಟ್ಟಿಗೆ, ಸಿಮೆಂಟ್ ಸಾಕಾಗಲ್ವಾ?

ಪ್ರಶ್ನೆ: ಹಿತ್ತಲಲ್ಲಿ ಸೌದೆ ಹಾಕಿ ಉರಿಸುವ ಪಿಜ್ಜಾ ಓವನ್ ಒಂದನ್ನು ನಾನೇ ಕಟ್ಟಬೇಕು ಅಂತಿದ್ದೇನೆ. ಮನೆ ಕಟ್ಟಿ ಉಳಿದ ಕೆಂಪು ಇಟ್ಟಿಗೆ ಇದೆ, ಎರಡು ಮೂಟೆ ಸಿಮೆಂಟೂ ಇದೆ. ಅಷ್ಟರಲ್ಲೇ ಕೆಲಸ ಆಗುತ್ತಾ? ಜೋರು ಶಾಖ ತಾಳಲೆಂದೇ ಮಾಡಿದ ಫೈರ್‌ಬ್ರಿಕ್ ಇಟ್ಟಿಗೆ ತರಲೇಬೇಕಾ?

ಉತ್ತರ: ಇಟ್ಟಿಗೆ ನಡೆಯುತ್ತದೆ. ಸಿಮೆಂಟ್ ನಡೆಯಲ್ಲ, ಬೆಂಕಿ ತಾಗುವ ಕಡೆಯಂತೂ ಬೇಡವೇ ಬೇಡ. ಆದರೆ ನೀವು ಕೇಳದೆ ಬಿಟ್ಟ ಇನ್ನೊಂದು ಸಂಗತಿ ಇದೆ. ನೆಲದ ಇಟ್ಟಿಗೆಯ ಕೆಳಗೆ ಏನು ಹಾಕುತ್ತೀರಿ? ಓವನ್ ಚೆನ್ನಾಗಿ ಬೇಯಿಸುತ್ತೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಅದರ ಮೇಲೆ ನಿಂತಿದೆ.

ಇದನ್ನು ನಾನು ಕಲಿತದ್ದು ಕಟ್ಟಿ, ಕೆಡವಿ. ನನ್ನ ಮೊದಲ ಓವನ್ ನೀವು ಯೋಚಿಸಿರುವ ಹಾಗೇ ಇತ್ತು. ಕೆಂಪು ಇಟ್ಟಿಗೆ, ಸಿಮೆಂಟ್ ಗಾರೆ, ಕೆಳಗೆ ಗಟ್ಟಿ ಕಾಂಕ್ರೀಟ್ ಹಲಗೆ. ನೋಡಲು ಚೆಂದವೇ ಇತ್ತು. ಎರಡು ವರ್ಷ ಕಳೆದ ಮೇಲೆ ಒಡೆಯಬೇಕಾಯಿತು. ಸುತ್ತಿಗೆ, ಉಳಿ ಹಿಡಿದು ಹೊರಗಡೆಯಿಂದ ಶುರು ಮಾಡಿದೆ. ಹೊರಮೈಯ ಸಿಮೆಂಟ್ ಉಳಿಗೂ ಬಗ್ಗಲಿಲ್ಲ, ಕಲ್ಲು. ಅದೇ ಸಂದಿಯನ್ನು ಒಳಗಡೆಯಿಂದ ಬೆರಳಲ್ಲಿ ಕೆರೆದೆ. ಬೂದು ಬಣ್ಣದ ಪುಡಿ ಸುರ್ರನೆ ಉದುರಿತು. ಉಗುರೇ ಸಾಕಾಯಿತು! ಇಟ್ಟಿಗೆಗಳ ಮಸಿ ಒರೆಸಿ ನೋಡಿದರೆ, ಬಹುಪಾಲು ಹೊಸದರ ಹಾಗೇ ಇದ್ದವು. ಅವುಗಳನ್ನೇ ಎರಡನೇ ಓವನ್‌ಗೆ ಬಳಸಿದೆ.

ಹೀಗಾಗುವುದಕ್ಕೆ ಕಾರಣ ಸರಳ. ಕೆಂಪು ಇಟ್ಟಿಗೆ ಗೂಡಿನಲ್ಲಿ ಹೆಚ್ಚುಕಡಿಮೆ 900ರಿಂದ 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಬಂದಿರುತ್ತದೆ. ಪಿಜ್ಜಾ ಓವನ್ನಿನ ನೆಲ ಕಾಯುವುದು 400ರ ಆಸುಪಾಸು, ಗುಮ್ಮಟ ಇನ್ನೊಂದಿಷ್ಟು ಜಾಸ್ತಿ. ಅದು ಇಟ್ಟಿಗೆಗೆ ದೊಡ್ಡ ವಿಷಯವೇ ಅಲ್ಲ. ಸಿಮೆಂಟಿನ ಕತೆ ಬೇರೆ. ಅದು ಗಟ್ಟಿಯಾಗುವುದೇ ನೀರನ್ನು ತನ್ನೊಳಗೆ ಕಟ್ಟಿಕೊಂಡು. 100 ಡಿಗ್ರಿ ದಾಟಿದಂತೆ ಆ ನೀರು ಸ್ವಲ್ಪ ಸ್ವಲ್ಪವೇ ಬಿಟ್ಟು ಹೋಗುತ್ತದೆ. 400ರಿಂದ 500 ಡಿಗ್ರಿ ನಡುವೆ ಅದರೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಡೆದು ಸುಟ್ಟ ಸುಣ್ಣವಾಗುತ್ತದೆ. ಓವನ್ ಆರಿದ ಮೇಲೆ ಆ ಸುಣ್ಣ ಗಾಳಿಯ ತೇವ ಹೀರಿ ಮತ್ತೆ ಉಬ್ಬುತ್ತದೆ. ಪ್ರತಿ ಸಲ ಉರಿ ಹಾಕಿದಾಗಲೂ ಇದೇ ಆಟ. ಕೊನೆಗೆ ಉಳಿಯುವುದು ನಾನು ಕಂಡ ಆ ಪುಡಿ.

ಅಂದಹಾಗೆ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ ಗುಮ್ಮಟದ ಬ್ರೆಡ್ ಓವನ್‌ಗಳು ಇವತ್ತಿಗೂ ನಿಂತಿವೆ. ಸಿಮೆಂಟ್ ಇಲ್ಲದೆ ಗುಮ್ಮಟ ನಿಲ್ಲುತ್ತಾ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಗುಮ್ಮಟ ನಿಲ್ಲುವುದು ಅದರ ಆಕಾರದ ಬಲದಿಂದ. ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಗಾರೆಯ ಕೆಲಸ ನಡುವಿನ ಸಂದಿ ತುಂಬುವುದು, ಅಷ್ಟೇ.

ಹಾಗಾದರೆ ಆ ಸಂದಿಗೆ ಏನು? ಜೇಡಿಮಣ್ಣು ಮತ್ತು ಮರಳು. ಒಂದು ಪಾಲು ಜೇಡಿಮಣ್ಣಿಗೆ ಎರಡರಿಂದ ಮೂರು ಪಾಲು ಸಣ್ಣ ಮರಳು. ಮಣ್ಣನ್ನು ಹಿಂದಿನ ದಿನವೇ ನೆನೆಹಾಕಿ, ಕಲ್ಲು ಬೇರು ತೆಗೆದು, ಕಾಲಲ್ಲಿ ಚೆನ್ನಾಗಿ ತುಳಿದು ಕಲಸಿ. ಅಳತೆ ಸರಿ ಇದೆಯಾ ಅಂತ ನೋಡಲು ಒಂದು ಉಂಡೆ ಮಾಡಿ ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಪಚಕ್ಕನೆ ಚಪ್ಪಟೆಯಾದರೆ ನೀರು ಜಾಸ್ತಿ. ಪುಡಿಪುಡಿಯಾದರೆ ಮರಳು ಜಾಸ್ತಿ, ಇಲ್ಲವೇ ನೀರು ಕಮ್ಮಿ. ಸ್ವಲ್ಪ ತಗ್ಗಿ ಉಂಡೆಯಾಗಿಯೇ ಕೂತರೆ ಹದ ಬಂದಿದೆ. ಇನ್ನೊಂದು ಉಂಡೆಯನ್ನು ನೆರಳಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಬಿರುಕು ಬಿಟ್ಟರೆ ಜೇಡಿ ಜಾಸ್ತಿಯಾಗಿದೆ, ಇನ್ನಷ್ಟು ಮರಳು ಬೇಕು. ಇಟ್ಟಿಗೆಯನ್ನು ಇಡುವ ಮುಂಚೆ ನೀರಲ್ಲಿ ಅದ್ದುವುದನ್ನು ಮರೆಯಬೇಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ, ಆಮೇಲೆ ಅಂಟುವುದಿಲ್ಲ. ಸಂದಿ ಒಳಗಡೆ ಆದಷ್ಟು ಸಣ್ಣದಿರಲಿ.

ಮಣ್ಣಿನ ಗಾರೆಗೆ ಮಳೆ ಶತ್ರು. ಮೇಲೊಂದು ಮಾಡು ಇರಲೇಬೇಕು. ಕೆಲವರು ಮೂರು ಪಾಲು ಮರಳು, ಒಂದೊಂದು ಪಾಲು ಸಿಮೆಂಟ್, ಸುಣ್ಣ, ಫೈರ್‌ಕ್ಲೇ (ಜೋರು ಶಾಖ ತಾಳುವ ಜೇಡಿಮಣ್ಣು) ಸೇರಿಸಿ ಗಾರೆ ಮಾಡುತ್ತಾರೆ. ಅದರಲ್ಲೂ ಸಿಮೆಂಟ್ ಇದೆಯಲ್ಲ ಅಂದರೆ, ಇದೆ. ಶುರುವಿನಲ್ಲಿ ಬೇಗ ಬಿಗಿಯಾಗಲು ಅದು ಬೇಕು. ಮುಂದೆ ಶಾಖಕ್ಕೆ ಅದು ಸೋತರೂ ಉಳಿದವು ಹಿಡಿದುಕೊಳ್ಳುತ್ತವೆ. ಇದೂ ನಡೆಯುತ್ತದೆ. ನನಗಂತೂ ಮಣ್ಣೇ ಇಷ್ಟ. ತಪ್ಪಾದರೆ ನೀರು ಚಿಮುಕಿಸಿ ಬಿಚ್ಚಿ ಮತ್ತೆ ಕಟ್ಟಬಹುದು.

ನಿಮ್ಮ ಎರಡು ಮೂಟೆ ಸಿಮೆಂಟ್ ವ್ಯರ್ಥವೇನೂ ಅಲ್ಲ. ಕಾಲು, ಕಟ್ಟೆ, ಕೆಳಗಿನ ಹಲಗೆ ಎಲ್ಲದಕ್ಕೂ ಅದೇ ಬೇಕು.

ಇನ್ನು ಇಟ್ಟಿಗೆ. ಎಲ್ಲ ಕೆಂಪು ಇಟ್ಟಿಗೆಯೂ ಒಂದೇ ಅಲ್ಲ. ಎರಡು ಇಟ್ಟಿಗೆ ತೆಗೆದುಕೊಂಡು ಒಂದಕ್ಕೊಂದು ತಟ್ಟಿ. ಖಣ್ ಅಂದರೆ ಚೆನ್ನಾಗಿ ಬೆಂದಿದೆ. ದಪ್ ಅಂದರೆ ಅರೆಬೆಂದದ್ದು, ನಾಲ್ಕಾರು ಸಲ ಕಾದು ಆರುವಷ್ಟರಲ್ಲಿ ಪದರ ಪದರವಾಗಿ ಏಳುತ್ತದೆ. ಅದನ್ನು ಕಟ್ಟೆಗೆ ಹಾಕಿ. ತೂತಿರುವ ಇಟ್ಟಿಗೆ ಬೇಡ, ಬಣ್ಣ ಬಳಿದದ್ದೂ ಬೇಡ.

ಗುಮ್ಮಟಕ್ಕೆ ಖಣ್ ಅನ್ನುವ ಕೆಂಪು ಇಟ್ಟಿಗೆ ಸಾಕು. ನೆಲಕ್ಕೆ ಮಾತ್ರ ಫೈರ್‌ಬ್ರಿಕ್ ತನ್ನಿ ಅಂತಲೇ ನನ್ನ ಸಲಹೆ. ನೆಲದ ಪಾಡೇ ಬೇರೆ. ಅದರ ಮೇಲೆ ಕೆಂಡ ಬೀಳುತ್ತದೆ, ಸೌದೆ ಬಡಿಯುತ್ತದೆ, 400 ಡಿಗ್ರಿ ಕಾದಿರುವಾಗಲೇ ತಣ್ಣನೆಯ ಒದ್ದೆ ಹಿಟ್ಟು ಬಂದು ಕೂರುತ್ತದೆ. ಹೀಗೆ ಏಟು ತಿಂದ ಕೆಂಪು ಇಟ್ಟಿಗೆ ಮೇಲ್ಮೈಯಲ್ಲಿ ಚಕ್ಕೆ ಏಳುತ್ತದೆ, ಆ ಚಕ್ಕೆ ಪಿಜ್ಜಾದ ತಳಕ್ಕೆ ಅಂಟುತ್ತದೆ. ಹಲ್ಲಿಗೆ ಸಿಕ್ಕಾಗ ಗೊತ್ತಾಗುತ್ತದೆ! 90 ಸೆಂಟಿಮೀಟರ್ ಅಗಲದ ಓವನ್ನಿನ ನೆಲಕ್ಕೆ ಫೈರ್‌ಬ್ರಿಕ್ ಬೇಕಾಗುವುದು ಸುಮಾರು 25ರಿಂದ 30. ಗುಮ್ಮಟಕ್ಕೆ ಹೋಲಿಸಿದರೆ ಅದು ತೀರಾ ಕಮ್ಮಿ.

ಈಗ ನೀವು ಕೇಳದ ಪ್ರಶ್ನೆಗೆ ಬರೋಣ.

ನನ್ನ ಮೊದಲ ಓವನ್ನಿನಲ್ಲಿ ಮೊದಲ ಪಿಜ್ಜಾ ಚೆನ್ನಾಗಿ ಬಂತು. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಮೇಲೆ ಚೀಸ್ ಕಪ್ಪಾಗಿದೆ, ಎತ್ತಿ ನೋಡಿದರೆ ತಳ ಬೆಳ್ಳಗೆ, ಹಸಿ. ಸೌದೆ ಕಮ್ಮಿಯಾಯಿತೇನೋ ಅಂತ ಇನ್ನಷ್ಟು ತುರುಕಿದೆ. ಮೇಲ್ಭಾಗ ಇನ್ನೂ ಬೇಗ ಕರಕಲಾಯಿತು, ತಳ ಹಾಗೇ. ತಿಂಗಳುಗಟ್ಟಲೆ ಹಿಟ್ಟನ್ನು ಬೈದೆ. ಒಂದು ದಿನ ಕೆಳಗೆ ಬಿದ್ದ ಏನನ್ನೋ ಎತ್ತಿಕೊಳ್ಳಲು ಬಗ್ಗಿದಾಗ ಕೈ ಕಾಂಕ್ರೀಟ್ ಹಲಗೆಯ ಅಡಿಗೆ ತಾಗಿತು. ಚುರ್ ಅಂತು. ನಾನು ಹಾಕಿದ ಸೌದೆಯ ಶಾಖವೆಲ್ಲ ಅಲ್ಲಿ ಸುಮ್ನೆ ಸೋರಿ ಹೋಗುತ್ತಿತ್ತು.

ಪಿಜ್ಜಾದ ತಳವನ್ನು ಬೇಯಿಸುವುದು ಉರಿಯಲ್ಲ, ಇಟ್ಟಿಗೆಯೊಳಗೆ ತುಂಬಿಟ್ಟ ಶಾಖ. ಒಂದು ಪಿಜ್ಜಾ ಬೆಂದಾಗ ನೆಲ ಒಂದಿಷ್ಟು ಶಾಖ ಕಳೆದುಕೊಳ್ಳುತ್ತದೆ, ಕೆಂಡದಿಂದ ಮತ್ತೆ ತುಂಬಿಕೊಳ್ಳುತ್ತದೆ. ಇಟ್ಟಿಗೆ ನೇರವಾಗಿ ಕಾಂಕ್ರೀಟಿನ ಮೇಲೆ ಕೂತಿದ್ದರೆ ತುಂಬಿಕೊಂಡದ್ದನ್ನು ಕಾಂಕ್ರೀಟ್ ಎಳೆದುಕೊಳ್ಳುತ್ತದೆ. ಪರ್ಲೈಟ್ ಅಥವಾ ವರ್ಮಿಕ್ಯುಲೈಟ್ (ಕಾಸಿ ಉಬ್ಬಿಸಿದ ಹಗುರ ಖನಿಜದ ಕಾಳು) ಸೇರಿಸಿದ ಹಗುರ ಕಾಂಕ್ರೀಟಿಗೆ ಹೋಲಿಸಿದರೆ ಗಟ್ಟಿ ಕಾಂಕ್ರೀಟ್ ಹತ್ತು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ನಡುವೆ ತಡೆಯೊಂದು ಬೇಕು, ಅಷ್ಟೇ ಗುಟ್ಟು.

ತಡೆಗೆ ದಾರಿ ಹಲವು. ಕಾಂಕ್ರೀಟ್ ಹಲಗೆಯ ಮೇಲೆ ಒಂದು ಪಾಲು ಸಿಮೆಂಟಿಗೆ ಐದಾರು ಪಾಲು ಪರ್ಲೈಟ್ ಕಲಸಿ 10 ಸೆಂಟಿಮೀಟರ್ ದಪ್ಪ ಹಾಕುವುದು ಒಂದು. ಇಲ್ಲಿ ಸಿಮೆಂಟ್ ನಡೆಯುತ್ತದೆ, ಏಕೆಂದರೆ ನೆಲದ ಇಟ್ಟಿಗೆ ಅದಕ್ಕೂ ಬೆಂಕಿಗೂ ನಡುವೆ ಇರುತ್ತದೆ. ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಸಿಕ್ಕರೆ 5 ಸೆಂಟಿಮೀಟರ್ ದಪ್ಪದ್ದು ಸಾಕು, ಕೆಲಸವೂ ಸುಲಭ. ಎರಡೂ ಇಲ್ಲದಿದ್ದರೆ ಖಾಲಿ ಗಾಜಿನ ಬಾಟಲಿಗಳನ್ನು ಒತ್ತೊತ್ತಾಗಿ ಮಲಗಿಸಿ, ಸಂದಿಗೆ ಮರಳೋ ಮರದ ಹೊಟ್ಟು ಸೇರಿಸಿದ ಮಣ್ಣೋ ತುಂಬಿ. ಬಾಟಲಿಯೊಳಗಿನ ಗಾಳಿಯೇ ತಡೆ. ಮಣ್ಣಿನ ಓವನ್ ಕಟ್ಟುವವರು ಇದನ್ನೇ ಮಾಡುತ್ತಾರೆ. ಯಾವುದನ್ನೇ ಹಾಕಿ, ಅದು ಒದ್ದೆಯಾಗದಂತೆ ನೋಡಿಕೊಳ್ಳಿ. ಒದ್ದೆ ಪರ್ಲೈಟ್ ಇದ್ದೂ ಇಲ್ಲದ ಹಾಗೆ.

ಇದರ ಮೇಲೆ ತೆಳ್ಳಗೆ ಮರಳು, ಜೇಡಿಪುಡಿ ಹರಡಿ ಮಟ್ಟ ಮಾಡಿ, ಫೈರ್‌ಬ್ರಿಕ್ಕನ್ನು ಗಾರೆಯೇ ಇಲ್ಲದೆ ಒತ್ತಾಗಿ ಜೋಡಿಸಿ. ಬಾಯಿಗೆ ನೇರವಾಗಿ ಬೇಡ, ಓರೆಯಾಗಿ ಇಡಿ. ಆಗ ಪಿಜ್ಜಾ ಒಳಗೆ ತಳ್ಳುವ ಹಲಗೆಯ ತುದಿ ಇಟ್ಟಿಗೆಯ ಅಂಚಿಗೆ ತಡೆಯುವುದಿಲ್ಲ.

ಗುಮ್ಮಟ ಕಟ್ಟುವ ಕೆಲಸದ ಬಗ್ಗೆ ಎಲ್ಲರಿಗೂ ಭಯ, ಆದರೆ ಅದೇ ಮಜಾ ಇರುವ ಭಾಗ. ನೆಲದ ಮೇಲೆ ಒದ್ದೆ ಮರಳನ್ನು ಗುಮ್ಮಟದ ಆಕಾರಕ್ಕೆ ಒಟ್ಟಿ, ಮೇಲೆ ಒದ್ದೆ ಪೇಪರ್ ಹೊದಿಸಿ, ಅದರ ಸುತ್ತ ಅರ್ಧ ಇಟ್ಟಿಗೆಗಳನ್ನು ಸುತ್ತು ಸುತ್ತಾಗಿ ಏರಿಸುತ್ತಾ ಬನ್ನಿ. ತುದಿಯ ಇಟ್ಟಿಗೆ ಕೂತು ಗಾರೆ ಬಿಗಿದ ಮೇಲೆ ಬಾಯಿಯಿಂದ ಮರಳು ತೋಡಿ ತೆಗೆಯಿರಿ. ಪೇಪರ್ ಕಂಡರೆ ನಿಲ್ಲಿಸಬೇಕು ಅಂತ ಅರ್ಥ.

ಒಂದು ಅಳತೆ ಮಾತ್ರ ತಪ್ಪಬಾರದು. ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ 63 ಶೇಕಡಾ ಆಸುಪಾಸು ಇರಲಿ. ಗುಮ್ಮಟ 42 ಸೆಂಟಿಮೀಟರ್ ಇದ್ದರೆ ಬಾಯಿ 26. ಜಾಸ್ತಿ ಎತ್ತರವಾದರೆ ಶಾಖ ಹೊರಗೆ ಓಡುತ್ತದೆ. ಕಮ್ಮಿಯಾದರೆ ಉರಿಗೆ ಉಸಿರು ಕಟ್ಟುತ್ತದೆ. ಇಂಥ ಓವನ್ ಬಾಯಿಯಿಂದಲೇ ಉಸಿರಾಡುತ್ತದೆ, ಕೆಳಗಡೆಯಿಂದ ತಣ್ಣನೆ ಗಾಳಿ ಒಳಗೆ, ಮೇಲುಗಡೆಯಿಂದ ಹೊಗೆ ಹೊರಗೆ. ಹಾಗಾಗಿ ಚಿಮಣಿ ಗುಮ್ಮಟದ ನೆತ್ತಿಯಲ್ಲಿ ಬೇಡ, ಬಾಯಿಯ ಮುಂದೆ ಇರಲಿ. ಮೊದಲ ಓವನ್ನಿನ ನೆಲವನ್ನು ರಿಪೇರಿ ಮಾಡಲು ಹೋಗಿ ನಾನು ಎಡವಿದ್ದು ಇಲ್ಲೇ. 5 ಸೆಂಟಿಮೀಟರ್ ಬೋರ್ಡ್ ಹಾಕಿ ನೆಲ ಎತ್ತರಿಸಿದೆ. ತಳ ಬೆಂದಿತು. ಆದರೆ 28 ಇದ್ದ ಬಾಯಿ 23ಕ್ಕೆ ಇಳಿದು ಹೊಗೆ ಮುಖಕ್ಕೇ ಬರತೊಡಗಿತು. ಒಡೆದದ್ದು ಅದಕ್ಕೆ.

ಗುಮ್ಮಟದ ಮೇಲೂ ತಡೆ ಬೇಕು. ಸೆರಾಮಿಕ್ ಫೈಬರ್ ಹೊದಿಕೆ 5ರಿಂದ 8 ಸೆಂಟಿಮೀಟರ್, ಅಥವಾ ಪರ್ಲೈಟ್ ಸೇರಿಸಿದ ಜೇಡಿಮಣ್ಣು 10 ಸೆಂಟಿಮೀಟರ್. ಸೆರಾಮಿಕ್ ಫೈಬರ್ ಕತ್ತರಿಸುವಾಗ ಒಳ್ಳೆಯ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಅದರ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕಟ್ಟಿ ಮುಗಿದ ದಿನವೇ ಪಿಜ್ಜಾ ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಹೊಸ ಓವನ್ನಿನಲ್ಲಿ ಬಕೆಟ್‌ಗಟ್ಟಲೆ ನೀರು ಕೂತಿರುತ್ತದೆ. ನೀರು ಆವಿಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ. ಒಮ್ಮೆಗೇ ಜೋರು ಉರಿ ಹಾಕಿದರೆ ಆ ಆವಿ ದಾರಿ ಇಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ಒಂದು ವಾರ ಹಾಗೇ ಒಣಗಲಿ. ಆಮೇಲೆ ಮೊದಲ ದಿನ ಪುಳ್ಳೆ ಸೌದೆಯ ಸಣ್ಣ ಉರಿ, 100-150 ಡಿಗ್ರಿ ದಾಟದಂತೆ, ಕೆಲವು ಗಂಟೆ. ದಿನಕ್ಕೆ 50 ಡಿಗ್ರಿಯಂತೆ ಏರಿಸುತ್ತಾ ಐದಾರು ದಿನ. ಹೊರಮೈಯಲ್ಲಿ ಒದ್ದೆ ಕಲೆ ಕಾಣಿಸಿಕೊಂಡರೆ ಗಾಬರಿ ಬೇಡ, ನೀರು ಹೊರಡುತ್ತಿದೆ. ಕೂದಲೆಳೆಯಂಥ ಬಿರುಕೂ ಬರುತ್ತದೆ, ಬರಲಿ.

ಪಿಜ್ಜಾ ದಿನ ಥರ್ಮಾಮೀಟರ್ ಇಲ್ಲದಿದ್ದರೂ ಗುಮ್ಮಟವೇ ಹೇಳುತ್ತದೆ. ಉರಿ ಹಾಕಿದ ಮೊದಲಿಗೆ ಒಳಗೆಲ್ಲ ಮಸಿ ಹಿಡಿದು ಕಪ್ಪಾಗುತ್ತದೆ. ಒಂದು, ಒಂದೂವರೆ ಗಂಟೆಯಲ್ಲಿ ನೆತ್ತಿಯಿಂದ ಶುರುವಾಗಿ ಮಸಿ ಉರಿದುಹೋಗಿ ಇಟ್ಟಿಗೆಯ ಬಣ್ಣ ಮತ್ತೆ ಕಾಣುತ್ತದೆ. ಬದಿಗಳೂ ತಿಳಿಯಾದ ಮೇಲೆ ಕೆಂಡವನ್ನು ಒಂದು ಪಕ್ಕಕ್ಕೆ ತಳ್ಳಿ, ನೆಲ ಗುಡಿಸಿ, ಒಂದು ಚಿಟಿಕೆ ಹಿಟ್ಟು ಎಸೆಯಿರಿ. ಕ್ಷಣದಲ್ಲೇ ಕಪ್ಪಾದರೆ ಸ್ವಲ್ಪ ಕಾಯಿರಿ. ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಪಿಜ್ಜಾ ಒಳಗೆ ಹೋಗಲಿ. ನೇಪಲ್ಸ್ ಶೈಲಿಯ ತೆಳು ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ, ಆದ್ದರಿಂದ ಫೋನ್ ಎತ್ತಲು ಹೋಗಬೇಡಿ.

ಫೈರ್‌ಬ್ರಿಕ್ ತರುವಾಗ ನಾಲ್ಕೈದು ಜಾಸ್ತಿ ತನ್ನಿ. ಕೆಂಡ ತಳ್ಳುವ ಪಕ್ಕದ ಇಟ್ಟಿಗೆ ಬೇಗ ಸವೆಯುತ್ತದೆ. ಗಾರೆ ಇಲ್ಲದೆ ಜೋಡಿಸಿದ್ದರಿಂದ ಹಳೆಯದನ್ನು ಮೀಟಿ ತೆಗೆದು ಹೊಸದನ್ನು ಕೂರಿಸಲು ಹತ್ತು ನಿಮಿಷ ಸಾಕು. ನನ್ನ ಎರಡನೇ ಓವನ್ನಿನಲ್ಲಿ ಇದುವರೆಗೆ ಎರಡು ಬದಲಾಯಿಸಿದ್ದೇನೆ. ಗುಮ್ಮಟದ ಕೆಂಪು ಇಟ್ಟಿಗೆ ಒಂದೂ ಇಲ್ಲ.