ಆರ್ಕೇಡ್ ಅಂದರೆ ಬೈಗುಳವಲ್ಲ

“ಗ್ರಾಫಿಕ್ಸ್ ಮಸ್ತ್ ಅದಾವ, ಆದ್ರ ಗೇಮ್ ಬರೇ ಆರ್ಕೇಡ್ ಐತಿ.” ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆ ಗೇಮ್ ಆಡುವ ಹುಡುಗರ ಬಾಯಲ್ಲಿ ಈ ತೀರ್ಪು ಎಷ್ಟು ಸಲ ಬಂದಿದೆ ಎಂದರೆ, ‘ಆರ್ಕೇಡ್’ ಎಂಬುದಕ್ಕೆ ಸಪ್ಪೆ, ಸುಳ್ಳು, ಹುಡುಗಾಟ ಎಂಬ ಅರ್ಥವೇ ಇದೆಯೆಂದು ಹೊಸಬರು ನಂಬಿಬಿಟ್ಟಿದ್ದಾರೆ. ಇತ್ತ, ಸಂಜೆ ಹೊತ್ತು ಆರಾಮಾಗಿ ಆಡಲು ಒಂದು ಆರ್ಕೇಡ್ ರೇಸಿಂಗ್ ಗೇಮ್ ಹೇಳ್ರಿ ಎಂದು ಯಾರಾದರೂ ಕೇಳಿದರೆ, “ಅಸೆಟ್ಟೊ ಕೊರ್ಸಾ ಹಾಕ್ಕೊ, ಒಂದು ಸ್ಟಿಯರಿಂಗ್ ತಗೊ” ಎಂಬ ಸಲಹೆ ಸಿಗುತ್ತದೆ. ಅದು ಅಪ್ಪಟ ಸಿಮ್ಯುಲೇಟರ್, ಅಂದರೆ ನಿಜವಾದ ಕಾರಿನ ನಡವಳಿಕೆಯನ್ನೇ ಅನುಕರಿಸುವ ಆಟ. ಕೇಳಿದವನು ಎರಡು ದಿನ ಗೋಡೆಗೆ ಗುದ್ದಿ, ರೇಸಿಂಗ್ ನನಗೆ ಒಗ್ಗುವುದಿಲ್ಲ ಎಂದು ಕೈಬಿಡುತ್ತಾನೆ. ಫೋನಿನಲ್ಲಿ ಇರುವುದೆಲ್ಲ ಆರ್ಕೇಡ್, ದುಡ್ಡು ಕೊಟ್ಟು ಕೊಂಡಿದ್ದೆಲ್ಲ ಸಿಮ್ಯುಲೇಟರ್ ಎಂದು ವಿಂಗಡಿಸುವ ಪಂಡಿತರೂ ಇದ್ದಾರೆ. ಇಷ್ಟಾದ ಮೇಲೆ ಪದವನ್ನು ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು.

ಬೇರು ಲ್ಯಾಟಿನ್ನಿನ ‘ಆರ್ಕುಸ್’. ಅರ್ಥ ಬಿಲ್ಲು. ಬಿಲ್ಲಿನ ಬಾಗು ಕಟ್ಟಡಕ್ಕೆ ಬಂದು ಕಮಾನಾಯಿತು. ಇಟಾಲಿಯನ್ನಿನಲ್ಲಿ ‘ಆರ್ಕಾತಾ’, ಫ್ರೆಂಚಿನಲ್ಲಿ ‘ಆರ್ಕೇಡ್’ ಎಂದರೆ ಕಮಾನುಗಳ ಸಾಲು, ಆ ಸಾಲಿನ ಕೆಳಗಿನ ಪಡಸಾಲೆ. ಇದರಲ್ಲಿ ನಮಗೆ ಹೊರಗಿನದು ಅನ್ನಿಸುವಂಥದ್ದು ಏನೂ ಇಲ್ಲ. ನಮ್ಮ ‘ಕಮಾನು’ ಪಾರಸಿಯಿಂದ ಬಂದದ್ದು, ಅಲ್ಲಿಯೂ ‘ಕಮಾನ್’ ಎಂದರೆ ಮೊದಲು ಬಿಲ್ಲು, ಆಮೇಲೆ ಬಾಗಿದ್ದೆಲ್ಲ. ಎರಡು ಭಾಷೆಗಳು ಒಂದನ್ನೊಂದು ಕೇಳದೆ ಬಿಲ್ಲಿನಿಂದಲೇ ಬಾಗಿಲು ಕಟ್ಟಿಕೊಂಡಿವೆ. ಬಳ್ಳಾರಿಯ ಗ್ಯಾರೇಜಿನಲ್ಲಿ ಅದಿರು ಲಾರಿಯ ಕೆಳಗೆ ಮಲಗಿರುವ ಮೇಸ್ತ್ರಿ ‘ಕಮಾನು ಮುರಿದೈತಿ’ ಎಂದರೆ ಅದು ಬಾಗಿದ ಸ್ಪ್ರಿಂಗ್ ಪಟ್ಟಿ. ಅದೂ ಅದೇ ಬಿಲ್ಲು. ನಿಜವಾದ ಆರ್ಕೇಡ್ ಹೇಗಿರುತ್ತದೆ ಎಂದು ಕಾಣಬೇಕಾದರೆ ಕೊಪ್ಪಳದವರು ಹೊಳೆ ದಾಟಿ ಹಂಪಿಯ ರಾಣಿ ಸ್ನಾನಗೃಹಕ್ಕೆ ಹೋದರೆ ಸಾಕು: ನಡುವೆ ಕೊಳ, ಸುತ್ತ ಕಮಾನುಗಳ ಪಡಸಾಲೆ. ಆ ಪಡಸಾಲೆಯೇ ಆರ್ಕೇಡ್. ನಮ್ಮ ಊರುಗಳಲ್ಲಿ ಹೆಸರಿನ ಕೊನೆಗೆ ‘ಆರ್ಕೇಡ್’ ಅಂಟಿಸಿಕೊಂಡು ನಿಂತಿರುವ ಕಾಂಪ್ಲೆಕ್ಸುಗಳಲ್ಲಿ ಒಂದೂ ಕಮಾನು ಇರುವುದಿಲ್ಲ, ಬರೀ ಶಟರ್. ಅದು ಬೇರೆ ಸಂಕಟ. ಹಾಗೆಯೇ, ಗ್ರೀಸಿನ ಆರ್ಕೇಡಿಯಾ ಎಂಬ ನಾಡಿಗೂ ಈ ಪದಕ್ಕೂ ಯಾವ ನಂಟೂ ಇಲ್ಲ; ಇದೆ ಎಂದು ಬರೆಯುವವರು ದಯವಿಟ್ಟು ನಿಲ್ಲಿಸಬೇಕು.

ಕಮಾನಿನಿಂದ ಕಾರಿಗೆ ಬಂದ ದಾರಿ ಅಂಗಡಿಯ ಮೂಲಕ. ಯುರೋಪಿನಲ್ಲಿ ಮಳೆ ಬಿಸಿಲಿಗೆ ಮರೆಯಾದ ಪಡಸಾಲೆಗಳಲ್ಲಿ ಅಂಗಡಿ ಸಾಲು ಎದ್ದವು. ಲಂಡನ್ನಿನ ಬರ್ಲಿಂಗ್ಟನ್ ಆರ್ಕೇಡ್ 1819ರದ್ದು. 20ನೆಯ ಶತಮಾನ ಹುಟ್ಟುವ ಹೊತ್ತಿಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ‘ಪೆನ್ನಿ ಆರ್ಕೇಡ್’ ಬಂದವು: ಪೆನ್ನಿ ಹಾಕಿದರೆ ಚಿತ್ರ ತೋರಿಸುವ, ಭವಿಷ್ಯ ಹೇಳುವ, ತೋಳಿನ ಬಲ ಅಳೆಯುವ ಯಂತ್ರಗಳ ಕೋಣೆ. ಆಮೇಲೆ ಸ್ಪ್ರಿಂಗಿನಿಂದ ಗುಂಡು ಚಿಮ್ಮಿಸುವ ಪಿನ್‌ಬಾಲ್ ಯಂತ್ರ ಬಂತು. ಅದು ಜೂಜು ಎಂದು ನ್ಯೂಯಾರ್ಕ್ ನಗರ 1942ರಲ್ಲಿ ನಿಷೇಧಿಸಿತು, 1976ರವರೆಗೂ ನಿಷೇಧ ಎತ್ತಲಿಲ್ಲ. ಅಷ್ಟರಲ್ಲಿ ವಿಡಿಯೊ ಗೇಮ್ ಯಂತ್ರಗಳು ಅದೇ ಕೋಣೆಗೆ ನುಗ್ಗಿದ್ದವು. ಜಾಗದ ಹೆಸರು ಯಂತ್ರಕ್ಕೆ, ಯಂತ್ರದ ಹೆಸರು ಆಟಕ್ಕೆ, ಕೊನೆಗೆ ಆಟದ ಹೆಸರು ಒಂದು ಬಗೆಯ ಶೈಲಿಗೆ. ಈಗ ಆರ್ಕೇಡ್ ರೇಸಿಂಗ್ ಎನ್ನುವಾಗ ನಾವು ಹೇಳುತ್ತಿರುವುದು ಆ ಶೈಲಿಯನ್ನು.

ಶೈಲಿ ಯಾವುದು ಎಂಬುದಕ್ಕೆ ಉತ್ತರ ನಾಣ್ಯದಲ್ಲಿದೆ. 1974ರಲ್ಲಿ ಅಟಾರಿ ಕಂಪನಿಯ ‘ಗ್ರ್ಯಾನ್ ಟ್ರ್ಯಾಕ್ 10’ ಸ್ಟಿಯರಿಂಗ್, ಗೇರ್, ಎರಡು ಪೆಡಲ್‌ಗಳ ಜೊತೆ ಬಂತು. ಎದುರಾಳಿ ಕಾರು ಇರಲಿಲ್ಲ, ಗಡಿಯಾರವೇ ಎದುರಾಳಿ. 1982ರ ‘ಪೋಲ್ ಪೊಸಿಷನ್’ ಜಪಾನಿನ ಫುಜಿ ಟ್ರ್ಯಾಕನ್ನು ಕಾರಿನ ಬೆನ್ನ ಹಿಂದಿನಿಂದ ತೋರಿಸಿತು. 1986ರಲ್ಲಿ ಸೆಗಾ ಕಂಪನಿಯ ಯು ಸುಜುಕಿ ಮಾಡಿದ ‘ಔಟ್‌ರನ್’ನಲ್ಲಿ ಕೆಂಪು ಕಾರು, ಕವಲೊಡೆಯುವ ರಸ್ತೆ, ಹೊರಡುವ ಮುನ್ನ ರೇಡಿಯೊದಲ್ಲಿ ಬೇಕಾದ ಹಾಡು ಆರಿಸಿಕೊಳ್ಳುವ ಸ್ವಾತಂತ್ರ್ಯ. ಎಲ್ಲದರಲ್ಲೂ ಸೆಕೆಂಡು ಇಳಿಯುತ್ತಿರುತ್ತದೆ. ‘ಔಟ್‌ರನ್’ನಲ್ಲಿ ಚೆಕ್‌ಪಾಯಿಂಟ್ (ದಾರಿಯ ನಡುವಿನ ಗುರುತಿನ ಜಾಗ) ಮುಟ್ಟಿದರೆ ಇನ್ನಷ್ಟು ಸಮಯ, ಮುಟ್ಟದಿದ್ದರೆ ಇನ್ನೊಂದು ನಾಣ್ಯ.

ಕೊಪ್ಪಳದ ಗವಿಮಠದ ಜಾತ್ರೆಯ ತೊಟ್ಟಿಲಿನ ಲೆಕ್ಕಾಚಾರವೇ ಇದು. ಹತ್ತಿದವನಿಗೆ ಕೊಟ್ಟ ದುಡ್ಡು ಗಿಟ್ಟಬೇಕು, ಇಳಿದವನಿಗೆ ಇನ್ನೊಮ್ಮೆ ಹತ್ತೋಣ ಅನ್ನಿಸಬೇಕು, ಸಾಲಿನಲ್ಲಿ ನಿಂತವನು ಬೇಸತ್ತು ಹೋಗಬಾರದು. ಆರ್ಕೇಡ್ ಯಂತ್ರ ಮಾಡಿದವರು ಈ ಮೂರು ಮಾತಿಗೂ ಬದ್ಧರಾಗಿದ್ದರು. ಮೊದಲ ಹತ್ತು ಸೆಕೆಂಡಿನಲ್ಲಿ ಆಟ ತಿಳಿಯಬೇಕು, ಕೆಲವೇ ನಿಮಿಷದಲ್ಲಿ ಮುಗಿಯಬೇಕು, ಸೋತರೆ ತಪ್ಪು ನನ್ನದೇ ಅನ್ನಿಸಬೇಕು. ಕಾರಿನ ಭೌತಶಾಸ್ತ್ರವನ್ನು ಬಗ್ಗಿಸಿದ್ದು ಇದಕ್ಕಾಗಿಯೇ. ನಿಜವಾದ ಟೈರು ಒಂದು ಮಿತಿಯವರೆಗೆ ಜಾರಿದರೆ ಹಿಡಿತ ಕೊಡುತ್ತದೆ, ಅದನ್ನು ಮೀರಿ ಜಾರಿದರೆ ಹಿಡಿತವೂ ಹೋಗುತ್ತದೆ, ವೇಗವೂ ಹೋಗುತ್ತದೆ. 1993ರ ‘ರಿಡ್ಜ್ ರೇಸರ್’ನಲ್ಲಿ ತಿರುವಿಗೆ ಬಂದಾಗ ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ತಿರುಗಿಸಿ, ಮತ್ತೆ ಒತ್ತಿದರೆ ಕಾರು ಅಡ್ಡಡ್ಡ ಜಾರುತ್ತಲೇ ಹೆಚ್ಚೇನೂ ವೇಗ ಕಳೆಯದೆ ತಿರುವು ದಾಟುತ್ತದೆ. ಹೀಗೆಂದು ಅದು ಭೌತಶಾಸ್ತ್ರ ಗೊತ್ತಿಲ್ಲದವರ ಕೆಲಸವಲ್ಲ. ನಿಯಮ ಬೇರೆ, ಅಷ್ಟೇ. ಆ ನಿಯಮ ಆಟದ ಉದ್ದಕ್ಕೂ ಒಂದೇ ಆಗಿರುವುದರಿಂದಲೇ ಅದನ್ನು ಕಲಿಯಲು ಬರುತ್ತದೆ.

ಈಗ ನನ್ನ ತಲೆ ಕೆಡಿಸುವ ಗೊಂದಲಕ್ಕೆ ಬರೋಣ: ಆರ್ಕೇಡ್ ಎಂದರೆ ಸುಲಭ ಎಂಬುದು. ಕಲಿಯಲು ಸುಲಭ, ನಿಜ. ಪಳಗಲು? ಸೆಗಾದ ‘ಡೇಟೋನಾ ಯುಎಸ್‌ಎ’ಯಲ್ಲಿ ಕಷ್ಟದ ಟ್ರ್ಯಾಕಿನ ಬಿಗಿ ತಿರುವುಗಳಲ್ಲಿ ಗೇರ್ ಪಟಪಟ ಇಳಿಸಿ, ಕಾರನ್ನು ಜಾರಿಸಿ, ಅದು ಸುತ್ತಿಬೀಳುವ ಮೊದಲೇ ಎದುರು ದಿಕ್ಕಿಗೆ ಸ್ಟಿಯರಿಂಗ್ ಹೊಡೆದು ಗೇರ್ ಏರಿಸಬೇಕು. 30 ವರ್ಷ ದಾಟಿದರೂ ಜನ ಅದರಲ್ಲಿ ಸೆಕೆಂಡಿನ ಚೂರುಗಳಿಗಾಗಿ ಒದ್ದಾಡುತ್ತಿದ್ದಾರೆ. ಅದೇ ದಶಕದ ‘ಸೆಗಾ ರ‍್ಯಾಲಿ’ಯಲ್ಲಿ ಡಾಂಬರು, ಜಲ್ಲಿ, ಕೆಸರು ಒಂದೊಂದಕ್ಕೂ ಕಾರು ಒಂದೊಂದು ಥರ ಆಡುತ್ತದೆ. ಅದೂ ಆರ್ಕೇಡೇ. ಇತ್ತ ಸಿಮ್ಯುಲೇಟರ್ ಎಂದ ಮಾತ್ರಕ್ಕೆ ಕಷ್ಟವೂ ಅಲ್ಲ. ಎಲ್ಲ ಸಹಾಯಗಳನ್ನೂ ಹಾಕಿಕೊಂಡು ಸಿಮ್ಯುಲೇಟರಿನಲ್ಲಿ ಸಾವಕಾಶ ಒಂದು ಸುತ್ತು ಹಾಕಿ ಬರುವುದು ಯಾರಿಗೂ ಸಾಧ್ಯ. ಸಿಮ್ಯುಲೇಟರ್ ಕೇಳುವ ಪ್ರಶ್ನೆ “ನಿಜವಾದ ಕಾರು ಇಲ್ಲಿ ಏನು ಮಾಡುತ್ತಿತ್ತು?”, ಆರ್ಕೇಡ್ ಕೇಳುವುದು “ಈ ಕ್ಷಣ ಆಡುವವನಿಗೆ ಏನು ಬೇಕು?”. ಎರಡರಲ್ಲಿ ಯಾವುದು ಮೇಲು ಎಂದು ಜಗಳ ಆಡುವವರು ಕುಸ್ತಿ ಮೇಲೋ ಕಬಡ್ಡಿ ಮೇಲೋ ಎಂದೂ ಆಡಬಹುದು.

ಇನ್ನೊಂದು ತಪ್ಪು, ನಾಣ್ಯದ ಯಂತ್ರದಲ್ಲಿ ಬಂದದ್ದು ಮಾತ್ರ ಆರ್ಕೇಡ್ ಎಂಬ ಶಾಸ್ತ್ರ. ನಮ್ಮ ಕಡೆಯ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಒಂದು ತಲೆಮಾರು ಬೈಕ್ ಓಡಿಸುತ್ತಲೇ ಎದುರಾಳಿಗಳ ಮೇಲೆ ಸರಪಳಿ ಬೀಸಿದ ‘ರೋಡ್ ರ‍್ಯಾಶ್’ 1991ರಲ್ಲಿ ಹುಟ್ಟಿದ್ದು ಮನೆಯ ಟಿವಿಗೆ ಜೋಡಿಸುವ ಕನ್ಸೋಲಿಗಾಗಿ. ಅದು ಆರ್ಕೇಡ್ ಅಲ್ಲ ಎಂದು ಯಾರಾದರೂ ಹೇಳಲಿ ನೋಡೋಣ. 1997ರ ‘ಗ್ರ್ಯಾನ್ ಟುರಿಸ್ಮೊ’ ಅಂತೂ ಒಂದೇ ಡಿಸ್ಕಿನಲ್ಲಿ ‘ಆರ್ಕೇಡ್ ಮೋಡ್’ ಅನ್ನು ಬೇರೆಯಾಗಿ ಇಟ್ಟಿತು. ಅಲ್ಲಿ ಆ ಪದದ ಅರ್ಥ ತಯಾರಿ ಬೇಡ, ಕಾರು ಆರಿಸು, ಓಡಿಸು ಎಂದಷ್ಟೇ. ಗೊಂದಲಕ್ಕೆ ಅದೂ ತನ್ನ ಪಾಲು ಸೇರಿಸಿತು. ಪ್ಲೇ ಸ್ಟೋರಿನಲ್ಲಿ ‘ಆರ್ಕೇಡ್’ ಒಂದು ವಿಭಾಗ, ‘ರೇಸಿಂಗ್’ ಇನ್ನೊಂದು. 2019ರಲ್ಲಿ ಬಂದ ‘ಆಪಲ್ ಆರ್ಕೇಡ್’ ತಿಂಗಳ ಚಂದಾದ ಸೇವೆ, ಅದರೊಳಗೆ ಪದಬಂಧವೂ ಇರುತ್ತದೆ. ಬಿಟ್ಟುಬಿಡಿ. ‘ಸಿಮ್‌ಕೇಡ್’ ಎಂದು ಸಿಮ್ಯುಲೇಟರಿಗೂ ಆರ್ಕೇಡಿಗೂ ನಡುವಿನ ಹೆಸರೊಂದಿದೆ. ಕೇಳಲು ಔಷಧಿಯ ಹೆಸರಿನಂತಿದ್ದರೂ ‘ಫೋರ್ಜಾ ಹೊರೈಜನ್’, ‘ರೆಕ್‌ಫೆಸ್ಟ್’ ಥರದವಕ್ಕೆ ಬೇರೆ ಪದ ಸಿಕ್ಕಿಲ್ಲ.

ಹಾಗಾದರೆ ಇವತ್ತು ಆಡಿ ಖುಷಿಪಡಲು ಯಾವುದು? ಹೊಳೆಯುವ ಕಾರು ನೋಡಿ ಆರಿಸಬೇಡಿ, ಮೇಲಿನ ಮೂರು ಮಾತಿಗೆ (ಬೇಗ ತಿಳಿಯಬೇಕು, ಬೇಗ ಮುಗಿಯಬೇಕು, ಸೋತರೆ ತಪ್ಪು ನನ್ನದೇ ಅನ್ನಿಸಬೇಕು) ಬದ್ಧವಾಗಿದೆಯೇ ನೋಡಿ.

ಎಲ್ಲರೂ ನಗುವ ‘ಹಿಲ್ ಕ್ಲೈಂಬ್ ರೇಸಿಂಗ್’ನಿಂದಲೇ ಶುರು ಮಾಡುತ್ತೇನೆ. 2012ರದ್ದು, ಫಿನ್ಲೆಂಡಿನದು, ಇರುವುದು ಎರಡೇ ಪೆಡಲ್. ಗಾಳಿಯಲ್ಲಿ ಹಾರಿದಾಗ ಅದೇ ಪೆಡಲ್‌ಗಳು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತವೆ. ಪೆಟ್ರೋಲ್ ಡಬ್ಬಿ ಇಲ್ಲಿ ಚೆಕ್‌ಪಾಯಿಂಟಿನ ಕೆಲಸ ಮಾಡುತ್ತದೆ. ಬಸ್ ಬರುವಷ್ಟರಲ್ಲಿ ಎರಡು ಸಲ ಸೋಲಬಹುದು. 1980ರ ದಶಕದ ಯಂತ್ರ ಮಾಡಿದವರು ನೋಡಿದರೆ ಇದು ನಮ್ಮ ಮೊಮ್ಮಗ ಎನ್ನುತ್ತಿದ್ದರು.

‘ಆಸ್ಫಾಲ್ಟ್’ ಬಗ್ಗೆ ನನಗೆ ಅಷ್ಟು ಉದಾರ ಅಭಿಪ್ರಾಯವಿಲ್ಲ. 2018ರಲ್ಲಿ ‘ಆಸ್ಫಾಲ್ಟ್ 9’ ಎಂದು ಬಂದು ಆಮೇಲೆ ಹೆಸರು ಬದಲಿಸಿಕೊಂಡ ಆಟದಲ್ಲಿ ‘ಟಚ್‌ಡ್ರೈವ್’ ಎಂಬ ಸೌಲಭ್ಯವಿದೆ. ಅದು ಹಾಕಿದ್ದರೆ ಕಾರು ತಾನೇ ತಿರುಗುತ್ತದೆ, ನೀವು ಎಲ್ಲಿ ನೈಟ್ರೊ (ದಿಢೀರ್ ವೇಗ), ಎಲ್ಲಿ ಡ್ರಿಫ್ಟ್ (ಅಡ್ಡ ಜಾರುವುದು) ಎಂದು ಬೆರಳು ಒತ್ತುತ್ತಿರಬೇಕು. ಇದನ್ನು ತೋರಿಸಿಯೇ ಹುಡುಗರು “ಆರ್ಕೇಡ್ ಅಂದ್ರ ಹಿಂಗ” ಎನ್ನುವುದು. ಅಲ್ಲಪ್ಪಾ, ಸ್ಟಿಯರಿಂಗೇ ಕಿತ್ತುಕೊಂಡ ಮೇಲೆ ಅದು ಯಾವ ಆರ್ಕೇಡ್? ಸೆಟ್ಟಿಂಗ್ಸಿಗೆ ಹೋಗಿ ಮ್ಯಾನುವಲ್ ಹಾಕಿಕೊಂಡರೆ ಅದೇ ಆಟಕ್ಕೆ ಜೀವ ಬರುತ್ತದೆ. ಇಂಧನ ತುಂಬುವವರೆಗೆ ಕಾಯಿ, ಇಲ್ಲವೇ ದುಡ್ಡು ಕೊಡು ಎನ್ನುವ ಫೋನ್ ಗೇಮ್‌ಗಳು ನಾಣ್ಯದ ಡಬ್ಬಿಯನ್ನಷ್ಟೇ ಉಳಿಸಿಕೊಂಡು ಆಟವನ್ನು ಮರೆತಿವೆ. ಇನ್ನು ‘ಬಸ್ ಸಿಮ್ಯುಲೇಟರ್ ಇಂಡೋನೇಷಿಯಾ’ಕ್ಕೆ ಕರ್ನಾಟಕ ಸಾರಿಗೆಯ ಕೆಂಪು ಬಳಿದು ಓಡಿಸುವವರಿಗೆ ನನ್ನ ತಕರಾರಿಲ್ಲ. ಅದು ರೇಸಿಂಗೇ ಅಲ್ಲ, ಅದನ್ನು ಈ ಪಂಚಾಯ್ತಿಗೆ ಎಳೆಯಬೇಡಿ.

ಹಳೆಯ ಕಂಪ್ಯೂಟರ್ ಇದ್ದವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 2008ರ ‘ಟ್ರ್ಯಾಕ್‌ಮೇನಿಯಾ ನೇಷನ್ಸ್ ಫಾರೆವರ್’. ಪುಕ್ಕಟೆ, ಗ್ರಾಫಿಕ್ಸ್ ಕಾರ್ಡ್ ಬೇಡ, ಕೀಬೋರ್ಡಿನ ನಾಲ್ಕು ಬಾಣ ಸಾಕು. ಬಹಳಷ್ಟು ಟ್ರ್ಯಾಕ್‌ಗಳು ಒಂದು ನಿಮಿಷದ ಆಸುಪಾಸು. ಬೇರೆಯವರ ಕಾರು ನಿಮ್ಮ ಕಾರಿಗೆ ತಾಗುವುದಿಲ್ಲ, ಆದ್ದರಿಂದ ಸೋತರೆ ಯಾರನ್ನೂ ಬೈಯುವ ಹಾಗಿಲ್ಲ. ಒಂದು ಕೀ ಒತ್ತಿದರೆ ಮತ್ತೆ ಮೊದಲಿಂದ. ಮನೆಯ ಮಕ್ಕಳೆಲ್ಲ ಕೂಡಿ ಆಡಬೇಕೆಂದರೆ ‘ಸೂಪರ್‌ಟಕ್ಸ್‌ಕಾರ್ಟ್’ ಇದೆ. ಅದೂ ಪುಕ್ಕಟೆ, ಫೋನಿನಲ್ಲೂ ಸಿಗುತ್ತದೆ.

ಸ್ವಲ್ಪ ಗಟ್ಟಿ ಯಂತ್ರ ಇದ್ದರೆ ‘ಬರ್ನೌಟ್ ಪ್ಯಾರಡೈಸ್’ (2008, ಮರುರೂಪ 2018). ರಾಂಗ್ ಸೈಡಿನಲ್ಲಿ ಹೋದರೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡರೆ ಬೂಸ್ಟ್ ಸಿಗುವ ಆಟ. ಸಿರುಗುಪ್ಪ ರಸ್ತೆಯಲ್ಲಿ ಕೆಲವರು ಇದನ್ನು ಬೂಸ್ಟ್ ಇಲ್ಲದೆಯೇ ಆಡುತ್ತಾರೆ. ಅದೇ ಕ್ರೈಟೀರಿಯನ್ ಸ್ಟುಡಿಯೊದ ‘ಹಾಟ್ ಪರ್ಸೂಟ್’ (2010, ಮರುರೂಪ 2020) ಪೊಲೀಸ್ ಬೆನ್ನಟ್ಟುವಿಕೆಗೆ. 2021ರ ‘ಫೋರ್ಜಾ ಹೊರೈಜನ್ 5’ ಮೆಕ್ಸಿಕೊದ ಉದ್ದಗಲ ಬಿಚ್ಚಿಡುತ್ತದೆ. ಅದರೊಳಗಿನ ಲೆಕ್ಕ ಸಿಮ್ಯುಲೇಟರಿನ ಮನೆಯದು, ಮೇಲೆ ಮೆತ್ತಗೆ ಮಾಡಿದ್ದಾರೆ. ನನಗೆ ಅದರ ತಿರುವುಗಳಿಗಿಂತ ಮೆನುಗಳೇ ಹೆಚ್ಚು ಅನ್ನಿಸುತ್ತದೆ, ಆದರೆ ನೋಡಲು ಬಲು ಚಂದ. 2020ರ ‘ಆರ್ಟ್ ಆಫ್ ರ‍್ಯಾಲಿ’ ಮೇಲಿನಿಂದ ನೋಡುವ ಕ್ಯಾಮೆರಾ, ಆಟಿಕೆಯಂಥ ಕಾರುಗಳಿಂದ ಮೋಸಗೊಳಿಸುತ್ತದೆ. ಜಲ್ಲಿಯ ಮೇಲೆ ಕಾರು ಹಿಡಿಯಲು ಹೋದಾಗ ಗೊತ್ತಾಗುತ್ತದೆ. ಚಿತ್ರ ಕಾರ್ಟೂನಿನಂತಿದ್ದರೆ ಆಟ ಆರ್ಕೇಡ್ ಎಂದು ತೀರ್ಮಾನಿಸುವವರು ಇದನ್ನೊಮ್ಮೆ ಆಡಿ ನೋಡಬೇಕು.

“ನಾನು ಮುಂದಿದ್ರ ಹಿಂದಿನ ಕಾರಿಗೆ ಒಮ್ಮೆಲೇ ಜೋರ್ ಬರತೈತಿ, ಮೋಸ” ಎಂಬ ದೂರಿಗೆ ಹೆಸರಿದೆ: ರಬ್ಬರ್ ಬ್ಯಾಂಡ್. ನೀವು ಮುಂದಾದರೆ ಎದುರಾಳಿಗಳು ಚುರುಕಾಗುತ್ತಾರೆ, ಹಿಂದಾದರೆ ನಿಧಾನವಾಗುತ್ತಾರೆ. ‘ಮಾರಿಯೊ ಕಾರ್ಟ್’ಗೆ ಇದಕ್ಕಾಗಿಯೇ ಕುಖ್ಯಾತಿ. ಮಿತಿಯಲ್ಲಿದ್ದರೆ ಇದು ಮೋಸವಲ್ಲ. ಮೊದಲ ತಿರುವಿನಲ್ಲೇ ರೇಸ್ ಮುಗಿದುಹೋಗದಂತೆ ಮಾಡಿದ ಏರ್ಪಾಡು. ಮಿತಿ ಮೀರಿದರೆ ಬೈಯಿರಿ, ಆದರೆ ಆರ್ಕೇಡ್ ಎಂದು ಬೈಯಬೇಡಿ, ಕೆಟ್ಟ ಆರ್ಕೇಡ್ ಎನ್ನಿ.

ಕೊಳ್ಳುವವರಿಗೆ ಒಂದು ವಿಷಯ. ಈ ಆಟಗಳಲ್ಲಿರುವ ನಿಜವಾದ ಕಾರುಗಳೂ ಹಾಡುಗಳೂ ಪರವಾನಗಿಯ ಮೇಲೆ ಬಂದವು, ಅವಧಿ ಮುಗಿದರೆ ಆಟವೇ ಅಂಗಡಿಯಿಂದ ಇಳಿಯಬಹುದು. ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್ 15ರಂದು ಹೀಗೆ ಇಳಿಯಿತು. ಮೊದಲೇ ಕೊಂಡವರು ಈಗಲೂ ಆಡಬಹುದು, ಹೊಸಬರು ಡಿಜಿಟಲ್ ಅಂಗಡಿಯಲ್ಲಿ ಕೊಳ್ಳುವ ಹಾಗಿಲ್ಲ. ‘ದಿ ಕ್ರೂ’ ಕಥೆ ಇನ್ನೂ ಕೆಟ್ಟದ್ದು: ಸರ್ವರಿಗೆ ಅಂಟಿಕೊಂಡಿದ್ದ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ದುಡ್ಡು ಕೊಟ್ಟವರಿಗೂ ಓಡಿಸಲು ಏನೂ ಉಳಿಯಲಿಲ್ಲ. ಆದ್ದರಿಂದ ದುಡ್ಡು ಹಾಕುವ ಮೊದಲು ಇಂಟರ್ನೆಟ್ ಇಲ್ಲದೆ ಆಟ ತೆರೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಿ.