ಹಾರ್ಟ್ ಅಟ್ಯಾಕ್ ಆದಮೇಲಿನ ಬೇಜಾರು: ಖಿನ್ನತೆಗೂ ಹೃದ್ರೋಗಕ್ಕೂ ಏನು ನಂಟು?

ಹಾರ್ಟ್ ಅಟ್ಯಾಕ್ ಆಗಿ ಮೂರು ವಾರ ಕಳೆದವರೊಬ್ಬರು ತಪಾಸಣೆಗೆ ಬಂದಿದ್ದಾರೆ ಅಂದುಕೊಳ್ಳಿ. ಇಸಿಜಿ ಸರಿಯಿದೆ, ಬಿಪಿ ಸರಿಯಿದೆ. ಆದರೆ ಕೈಯಲ್ಲಿರುವ ಮಾತ್ರೆ ಸ್ಟ್ರಿಪ್‌ನಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿದೆ. ಯಾಕೆ ತಗೊಂಡಿಲ್ಲ ಅಂತ ಕೇಳಿದರೆ, "ತಗೊಂಡು ಏನಾಗಬೇಕಿದೆ ಬಿಡಿ ಡಾಕ್ಟ್ರೇ" ಅನ್ನುತ್ತಾರೆ.

ನಾವು ಕಿವಿಗೊಡಬೇಕಾದದ್ದು ಈ ಮಾತಿಗೆ. ಇಂಥ ಕಾಯಿಲೆ ಬಂದಮೇಲೆ ಬೇಜಾರು ಇದ್ದದ್ದೇ ಅಂತ ಸುಮ್ನೆ ಮುಂದೆ ಹೋಗುವುದು ದೊಡ್ಡ ತಪ್ಪು. ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಂಥ ಖಿನ್ನತೆ (ಮೇಜರ್ ಡಿಪ್ರೆಷನ್) ಇರುತ್ತದೆ.

1993ರಲ್ಲಿ ಪ್ರಕಟವಾದ ಮಾಂಟ್ರಿಯಲ್‌ನ ಅಧ್ಯಯನವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಹಾರ್ಟ್ ಅಟ್ಯಾಕ್ ಆಗಿದ್ದ 222 ಜನರನ್ನು ಆರು ತಿಂಗಳು ಗಮನಿಸಿದರು. ಖಿನ್ನತೆ ಇದ್ದವರಲ್ಲಿ ಸುಮಾರು 17% ಜನ ತೀರಿಕೊಂಡರು, ಇಲ್ಲದವರಲ್ಲಿ ಸುಮಾರು 3%. ಹೃದಯಕ್ಕೆ ಎಷ್ಟು ಪೆಟ್ಟಾಗಿತ್ತು ಅನ್ನುವುದನ್ನು ಲೆಕ್ಕಕ್ಕೆ ತಗೊಂಡರೂ ವ್ಯತ್ಯಾಸ ಉಳಿಯಿತು. ಅಧ್ಯಯನ ಚಿಕ್ಕದೇ, ಆದರೆ ಹೃದ್ರೋಗ ತಜ್ಞರು ಮನಸ್ಸಿನ ಕಡೆ ತಿರುಗಿ ನೋಡುವಂತೆ ಮಾಡಿತು.

ಕಾರಣ ಏನು? ಒಂದಲ್ಲ. ಖಿನ್ನತೆಯಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಬಹುದು, ದೇಹವನ್ನು ಅಪಾಯಕ್ಕೆ ಸಜ್ಜು ಮಾಡುವ ಸಿಂಪಥೆಟಿಕ್ ನರಮಂಡಲ ಸದಾ ಎಚ್ಚರವಾಗಿರುತ್ತದೆ. ಬಡಿತದಿಂದ ಬಡಿತಕ್ಕೆ ಇರಬೇಕಾದ ಸಣ್ಣ ಏರಿಳಿತ ಕಮ್ಮಿಯಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಉರಿಯೂತ ಹೆಚ್ಚುತ್ತದೆ. ಮೆಡಿಕಲ್ ಕಾಲೇಜಿನ ಪರೀಕ್ಷೆಗೆ ಓದುವಾಗ ನಾವು ಇಲ್ಲಿಗೇ ನಿಂತುಬಿಡುತ್ತೇವೆ, ಅಲ್ವಾ? ನನ್ನ ಪ್ರಕಾರ ಆ ಸ್ಟ್ರಿಪ್ ಇದಕ್ಕಿಂತ ಜಾಸ್ತಿ ಹೇಳುತ್ತದೆ. ಮಾತ್ರೆ ಬಿಡುವುದು, ನಡೆಯದಿರುವುದು, ಸಿಗರೇಟು ಬಿಡಲಾಗದಿರುವುದು. 2008ರ 'ಹಾರ್ಟ್ ಅಂಡ್ ಸೋಲ್' ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿದ್ದರು. ಇಂಥ ಅಭ್ಯಾಸಗಳನ್ನು, ಮುಖ್ಯವಾಗಿ ದೇಹಕ್ಕೆ ಚಟುವಟಿಕೆ ಇಲ್ಲದಿರುವುದನ್ನು, ಲೆಕ್ಕಕ್ಕೆ ಹಿಡಿದಾಗ ಖಿನ್ನತೆಯ ನಂಟು ಬಹುಪಾಲು ಕರಗಿತು.

ಚಿಕಿತ್ಸೆ ಕೊಟ್ಟರೆ ಸಾವು ತಗ್ಗುತ್ತದೆಯೇ? ಇಲ್ಲಿ ತುಂಬಾ ಜನ ಎಡವುತ್ತಾರೆ. 2003ರ 'ಎನ್‌ರಿಚ್ಡ್' ಪ್ರಯೋಗದಲ್ಲಿ 2481 ರೋಗಿಗಳಿದ್ದರು. ಮಾತಿನ ಚಿಕಿತ್ಸೆ, ಬೇಕಾದವರಿಗೆ ಖಿನ್ನತೆಯ ಮಾತ್ರೆಯನ್ನೂ ಕೊಟ್ಟರು. ಖಿನ್ನತೆ ಇಳಿಯಿತು. ಸಾವು, ಮತ್ತೆ ಆಗುವ ಅಟ್ಯಾಕ್ ಮಾತ್ರ ಇಳಿಯಲಿಲ್ಲ. ಹಾಗಂತ ಚಿಕಿತ್ಸೆ ದಂಡವಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳಲಾಗದೆ ಒದ್ದಾಡುವವರಿಗೆ ಆ ನೋವು ಕಮ್ಮಿಯಾಗುವುದೇ ದೊಡ್ಡದು.

ಖಿನ್ನತೆಯ ಮಾತ್ರೆಗಳ ವಿಚಾರ ಚುಟುಕಾಗಿ: ಸರ್ಟ್ರಲಿನ್ ಹೃದ್ರೋಗಿಗಳಿಗೆ ಸುರಕ್ಷಿತ ಅಂತ 2002ರ 'ಸ್ಯಾಡ್‌ಹಾರ್ಟ್' ಪ್ರಯೋಗ ತೋರಿಸಿತು. ಟ್ರೈಸೈಕ್ಲಿಕ್ ಗುಂಪಿನವು ಬಡಿತದ ಲಯ ಕೆಡಿಸಬಹುದು, ಹಾಗಾಗಿ ಬೇಡ. ಸಿಟಲೊಪ್ರಾಮ್ ಜಾಸ್ತಿ ಡೋಸ್‌ನಲ್ಲಿ ಇಸಿಜಿಯಲ್ಲಿ ಕಾಣುವ ಕ್ಯೂಟಿ ಅಂತರ ಉದ್ದ ಮಾಡುತ್ತದೆ, ಅದರಿಂದಲೂ ಲಯ ಕೆಡಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸರ್ಟ್ರಲಿನ್, ಸಿಟಲೊಪ್ರಾಮ್ ಸೇರಿದ ಗುಂಪಿನ ಎಸ್‌ಎಸ್‌ಆರ್‌ಐ ಕೊಟ್ಟರೆ ರಕ್ತಸ್ರಾವದ ಕಡೆ ಕಣ್ಣಿರಲಿ.

ಪತ್ತೆ ಮಾಡುವುದೇ ಕಷ್ಟ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಎರಡೂ ಕಾಯಿಲೆಗಳಲ್ಲಿವೆ. ಅದಕ್ಕೇ ಖಿನ್ನತೆ ಪತ್ತೆಗೆ ಬಳಸುವ ಪ್ರಶ್ನಾವಳಿ ಪಿಎಚ್‌ಕ್ಯೂ-2ರ ಎರಡು ಪ್ರಶ್ನೆಗಳಿಂದ ಶುರು ಮಾಡಿ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತಾ? ಮನಸ್ಸು ಕುಗ್ಗಿತ್ತಾ? ಹೌದು ಅಂದರೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9. 27ಕ್ಕೆ 10 ಅಥವಾ ಹೆಚ್ಚು ಬಂದರೆ ಸರಿಯಾಗಿ ಕೂತು ವಿಚಾರಿಸಬೇಕು. ಒಂಬತ್ತನೆಯ ಪ್ರಶ್ನೆ ಸತ್ತರೆ ಮೇಲು ಅನ್ನುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮಾತಾಡದೆ ಅವರನ್ನು ಮನೆಗೆ ಕಳಿಸಬೇಡಿ.